ಗಾಲ್ ಫೇಸ್‌ನಿಂದ ಹಂಬನ್‌ತೋಟಕ್ಕೆ: ಸಾಲ ಕೇಳಿದ ಸರ್ಕಾರದ ಹಾದಿಯಲ್ಲಿ

ಶ್ರೀಲಂಕಾಕ್ಕೆ ಹೋಗುವ ನಮ್ಮ ಕಡೆಯವರು ಕ್ಯಾಂಡಿ, ನುವಾರ ಎಲಿಯ, ಬೆಂತೋಟ ಅಂತ ಪಟ್ಟಿ ಹಾಕಿಕೊಂಡು ಹೊರಡುತ್ತಾರೆ. ನನ್ನ ಪಟ್ಟಿ ಬೇರೆಯದಾಗಿತ್ತು. 2022ರಲ್ಲಿ ಟಿ.ವಿ.ಯಲ್ಲಿ ನೋಡಿದ ಜಾಗಗಳನ್ನು ನಡೆದು ನೋಡಬೇಕಿತ್ತು. ಬೊಕ್ಕಸ ಬರಿದಾಗಿತ್ತು, ಅದೇ ಹೊತ್ತಿಗೆ ಸರ್ಕಾರವೂ ಅಲ್ಲಾಡುತ್ತಿತ್ತು. ಅಂಥ ಸ್ಥಿತಿಯಲ್ಲೇ ಆ ದೇಶ ದೆಹಲಿ, ಬೀಜಿಂಗ್, ವಾಷಿಂಗ್ಟನ್ ಬಾಗಿಲು ತಟ್ಟಬೇಕಾಯಿತು. ಪಕ್ಕದ ಮನೆಯ ಈ ಕಥೆಯನ್ನು ನಾವು ಅಧ್ಯಕ್ಷರ ಮನೆಗೆ ನುಗ್ಗಿದ ಜನ ಈಜುಕೊಳದಲ್ಲಿ ಈಜಿದ ವಿಡಿಯೋ ನೋಡಿ ಮರೆತುಬಿಟ್ಟೆವು ಅನ್ನೋದು ನನ್ನ ಬೇಸರ.

ಉಳಿದುಕೊಂಡದ್ದು ವೆಳ್ಳವತ್ತೆಯಲ್ಲಿ. ಕೊಲಂಬೊದಲ್ಲಿ ತಮಿಳರು ಜಾಸ್ತಿ ಇರುವ ಬಡಾವಣೆ ಅದು. ಬೆಂಗಳೂರಿನಲ್ಲಿ ಕಲಿತ ನನ್ನ ಅಲ್ಪಸ್ವಲ್ಪ ತಮಿಳಿಗೆ ಅಲ್ಲಿ ಒಳ್ಳೆ ಬೆಲೆ ಸಿಕ್ಕಿತು. ರೂಮ್ ಕೊಟ್ಟ ಆಂಟಿ ಬೆಳಿಗ್ಗೆ ಅಪ್ಪಂ ಮತ್ತು ಕೆಂಪು ಮೆಣಸಿನಕಾಯಿಯ ಕಾಯಿ ಸಂಬಲ್ ಮುಂದಿಟ್ಟು, "ಹಾಲಿನ ಟೀನಾ, ಪ್ಲೇನ್ ಟೀನಾ?" ಅಂತ ಕೇಳಿದರು. ನಾನು ಹಾಲಿನ ಟೀ ಅಂದೆ. ಅವರು ಹಾಲಿನ ಪುಡಿಯ ಪ್ಯಾಕೆಟ್ ಬಿಚ್ಚಿ, ಎರಡು ಚಮಚ ಪುಡಿಗೆ ಸ್ವಲ್ಪ ಬಿಸಿನೀರು ಹಾಕಿ ಗಂಟಿಲ್ಲದಂತೆ ಕದಡಿ, ಮೇಲೆ ಕಡು ಕಪ್ಪು ಡಿಕಾಕ್ಷನ್ ಸುರಿದರು. ಅಲ್ಲಿನ ಮನೆಗಳಲ್ಲಿ ಟೀಗೆ ಹೆಚ್ಚಾಗಿ ಬಳಸುವುದು ಹಾಲಿನ ಪುಡಿ, ಅದರಲ್ಲಿ ಬಹುಪಾಲು ಹೊರದೇಶದಿಂದ ಬರುವುದು. ಡಾಲರ್ ಮುಗಿದಾಗ ಮೊದಲು ಏಟು ಬಿದ್ದದ್ದೂ ಅದಕ್ಕೇ. "ಆರು ತಿಂಗಳು ನಾವು ಬರೀ ಪ್ಲೇನ್ ಟೀ ಕುಡಿದೆವು ಮಗಾ. ಅದಕ್ಕೂ ಗ್ಯಾಸ್ ಇರಲಿಲ್ಲ, ಹಿತ್ತಲಲ್ಲಿ ಸೌದೆ ಒಲೆ ಹಾಕಿದ್ದೆವು" ಅಂದರು ಆಂಟಿ. ಚಹಾ ಬೆಳೆದು ಜಗತ್ತಿಗೆ ಕೊಡುವ ದೇಶದಲ್ಲಿ ಹೀಗಾಗಿತ್ತು.

ಗಾಲ್ ಫೇಸ್‌ಗೆ ಆಟೋದಲ್ಲಿ ಹೋದೆ. ಚಾಲಕ ಐವತ್ತು ದಾಟಿದವರು, ನಾನು ಅಣ್ಣಾ ಅಂದರೆ ಅವರು ತಂಬಿ ಅನ್ನುತ್ತಿದ್ದರು. ಆಟೋದ ಗಾಜಿಗೆ ಒಂದು ಕ್ಯೂಆರ್ ಕೋಡ್ ಅಂಟಿತ್ತು. ಬಿಸಿಲಿಗೆ ಬಣ್ಣ ಹೋಗಿ, ಅಂಚು ಸುರುಳಿಗಟ್ಟಿತ್ತು. ಹಣ ಕೊಡೋದಕ್ಕೆ ಇರಬೇಕು ಅಂದುಕೊಂಡು ಕೇಳಿದೆ. "ಅದು ಪೆಟ್ರೋಲ್ ಪಾಸ್ ತಂಬಿ. ವಾರಕ್ಕೆ ಐದು ಲೀಟರ್" ಅಂದರು. 2022ರ ಜುಲೈ ಕೊನೆಯಲ್ಲಿ ಜಾರಿಯಾದ ಪಡಿತರ ಅದು. ಬೈಕಿಗೆ 4 ಲೀಟರ್, ಆಟೋಗೆ 5, ಕಾರಿಗೆ 20. ಅದಕ್ಕೂ ಮೊದಲು ಪಡಿತರವೂ ಇರಲಿಲ್ಲ, ಬರೀ ಕ್ಯೂ. ಜೂನ್ 27ರಂದು ಸರ್ಕಾರ ಅಗತ್ಯ ಸೇವೆಗಳಿಗೆ ಬಿಟ್ಟು ಬೇರೆ ಯಾರಿಗೂ ಇಂಧನ ಇಲ್ಲ ಅಂತ ಹೇಳಿಬಿಟ್ಟಿತ್ತು. ಈ ಅಣ್ಣ ಬಂಕಿನ ಮುಂದೆ ಆಟೋದಲ್ಲೇ ಮಲಗಿ ಎದ್ದು ದಿನ ಕಳೆದವರು. ಮಗಳು ಸೈಕಲ್‌ನಲ್ಲಿ ಊಟದ ಪೊಟ್ಟಣ ತಂದುಕೊಡುತ್ತಿದ್ದಳಂತೆ. ಇಂಥ ಕ್ಯೂಗಳಲ್ಲಿ ಕಾದು ಕಾದು ಸತ್ತವರೂ ಇದ್ದಾರೆ.

ಗಾಲ್ ಫೇಸ್ ಅಂದರೆ ಸಮುದ್ರಕ್ಕೆ ಅಂಟಿಕೊಂಡ ಉದ್ದನೆಯ ಹುಲ್ಲುಹಾಸು. ಬ್ರಿಟಿಷರು 1859ರಲ್ಲಿ ಮಾಡಿಸಿದ್ದು. ಸಂಜೆ ಗಾಳಿಪಟ, ಸಿಗಡಿ ಕೂರಿಸಿ ಕರಿದ ವಡೆ, ಮಕ್ಕಳ ಗಲಾಟೆ. ಉತ್ತರದ ತುದಿಯಲ್ಲಿ ಸಾಲುಕಂಬಗಳ ಹಳೇ ಸಂಸತ್ ಭವನ, ಈಗ ಅಧ್ಯಕ್ಷರ ಕಾರ್ಯಾಲಯ. 2022ರ ಏಪ್ರಿಲ್ 9ರಂದು ಇದರ ಎದುರಿಗೇ ಜನ ಟೆಂಟ್ ಹಾಕಿದರು. ಅಧ್ಯಕ್ಷ ಗೋಟಬಯ ಇಳಿಯಬೇಕು ಅಂತ 'ಗೋಟಾ ಗೋ ಗಮ', ಅಂದರೆ 'ಗೋಟಾ ಹೊರಡು ಊರು' ಅಂತ ಹೆಸರಿಟ್ಟು ಒಂದು ಊರೇ ಕಟ್ಟಿದರು. ಅಲ್ಲಿ ಅಡುಗೆಮನೆ ಇತ್ತು, ಗ್ರಂಥಾಲಯ ಇತ್ತು. ಈಗ ಹುಲ್ಲಿನ ಮೇಲೆ ಅದರ ಗುರುತು ಒಂದೂ ಇಲ್ಲ. ಒಂದು ಸಣ್ಣ ಫಲಕವಾದರೂ ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸಿತು.

ಆ ಏಪ್ರಿಲ್‌ನಲ್ಲಿ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 3ನೇ ತಾರೀಕು ರಾತ್ರಿ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು. ಉಳಿದವರು ಅಧ್ಯಕ್ಷ ಗೋಟಬಯ ರಾಜಪಕ್ಸ ಮತ್ತು ಪ್ರಧಾನಿಯಾಗಿದ್ದ ಅವರ ಅಣ್ಣ ಮಹಿಂದ ಮಾತ್ರ. ಎಲ್ಲ ಪಕ್ಷಗಳೂ ಸೇರಿ ಸರ್ಕಾರ ಮಾಡೋಣ ಅಂತ ಅಧ್ಯಕ್ಷರು ಕರೆದರು. ಮೊದಲು ನೀವು ಇಳಿಯಿರಿ ಅಂತ ವಿರೋಧ ಪಕ್ಷಗಳು ಹೇಳಿದವು. ಆಳುವ ಕೂಟದಿಂದಲೇ ನಲವತ್ತಕ್ಕೂ ಹೆಚ್ಚು ಸಂಸದರು ಹೊರಬಂದು ಬೇರೆ ಕೂತರು. ಹೊಸ ಹಣಕಾಸು ಸಚಿವ ಅಲಿ ಸಬ್ರಿ ನೇಮಕವಾದ ಮರುದಿನವೇ ರಾಜೀನಾಮೆ ಕೊಟ್ಟರು. ಆ ಕುರ್ಚಿಗೆ ಬೇರೆ ಯಾರೂ ಬರಲಿಲ್ಲ, ಅವರೇ ಮುಂದುವರಿದರು. ಏಪ್ರಿಲ್ 12ರಂದು ವಿದೇಶಿ ಸಾಲದ ಕಂತು ಕಟ್ಟೋದು ನಿಲ್ಲಿಸಿದ್ದೇವೆ ಅಂತ ಸರ್ಕಾರ ಹೇಳಿತು. ಅದಾದ ಒಂದೇ ವಾರದಲ್ಲಿ ಅದೇ ಸಚಿವರು ವಾಷಿಂಗ್ಟನ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೂತಿದ್ದರು. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರುವ ನಮ್ಮ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅಲ್ಲೇ ಅವರನ್ನು ಭೇಟಿಯಾದರು.

ಭಾರತ ಅಷ್ಟು ಹೊತ್ತಿಗಾಗಲೇ ನೆರವಿನ ಕೈ ಚಾಚಿತ್ತು. ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 40 ಕೋಟಿ ಡಾಲರ್ ಕರೆನ್ಸಿ ವಿನಿಮಯ ಮಾಡಿಕೊಂಡಿತ್ತು. ಫೆಬ್ರುವರಿಯಲ್ಲಿ ಇಂಧನಕ್ಕೆ 50 ಕೋಟಿ ಡಾಲರ್ ಸಾಲ. ಮಾರ್ಚ್ 17ಕ್ಕೆ ಆಹಾರ, ಔಷಧಿಗಾಗಿ ಸ್ಟೇಟ್ ಬ್ಯಾಂಕ್ ಮೂಲಕ 100 ಕೋಟಿ ಡಾಲರ್. ತಮಿಳುನಾಡು ಸರ್ಕಾರ ಚೆನ್ನೈನಿಂದ ಹಡಗಿನಲ್ಲಿ ಅಕ್ಕಿ, ಹಾಲಿನ ಪುಡಿ, ಔಷಧಿ ಕಳಿಸಿತು. ಒಟ್ಟಾರೆ ಆ ವರ್ಷ ಭಾರತದ ನೆರವು ಸುಮಾರು 400 ಕೋಟಿ ಡಾಲರ್ ಮುಟ್ಟಿತು. "ನಿಮ್ಮ ಡೀಸೆಲ್ ಹಡಗು ಬಂತು ಅಂದ್ರೆ ಆವತ್ತು ಬಂಕಿನಲ್ಲಿ ಸುದ್ದಿ ಹಬ್ಬುತ್ತಿತ್ತು. ಯಾವ ಹಡಗು, ಎಷ್ಟು ಟನ್ನು, ಎಲ್ಲ ನಮಗೆ ಗೊತ್ತಿತ್ತು" ಅಂದರು ಆಟೋ ಅಣ್ಣ. ಮರಳುವಾಗ ಲಂಕಾ ಐಒಸಿ ಬಂಕಿನಲ್ಲಿ ಆಟೋ ನಿಲ್ಲಿಸಿ ಟ್ಯಾಂಕ್ ತುಂಬಿಸಿಕೊಂಡರು. ನಮ್ಮ ಇಂಡಿಯನ್ ಆಯಿಲ್ ಕಂಪನಿಯದೇ ಬಂಕ್ ಅದು. ನಮ್ಮ ಮುಂದೆ ಇದ್ದದ್ದು ಎರಡೇ ಗಾಡಿ.

ಮರುದಿನ ಫೋರ್ಟ್ ಕಡೆ ನಡೆದೆ. ಅಧ್ಯಕ್ಷರ ನಿವಾಸ ಮತ್ತು ಸೆಂಟ್ರಲ್ ಬ್ಯಾಂಕ್ ಎರಡೂ ಇರುವುದು ಜನಾಧಿಪತಿ ಮಾವತ್ತೆ ಅನ್ನೋ ರಸ್ತೆಯಲ್ಲೇ. ಜುಲೈ 9ರಂದು ಜನ ನುಗ್ಗಿದ ನಿವಾಸ ಇದು. ಒಳಗೆ ಸಿಕ್ಕ ಸುಮಾರು 1.78 ಕೋಟಿ ಲಂಕಾ ರೂಪಾಯಿ ನಗದನ್ನು ಅದೇ ಜನ ಎಣಿಸಿ ಪೊಲೀಸರಿಗೆ ಒಪ್ಪಿಸಿದರು. ಈ ಸಂಗತಿಯನ್ನೂ ಈಜುಕೊಳದ ವಿಡಿಯೋದಷ್ಟೇ ನಾವು ಹಂಚಿಕೊಳ್ಳಬೇಕಿತ್ತು ಅಲ್ವಾ?

ನಾನು ಜಾಸ್ತಿ ಹೊತ್ತು ನಿಂತದ್ದು ಸೆಂಟ್ರಲ್ ಬ್ಯಾಂಕಿನ ಎದುರು. ಆ ಏಪ್ರಿಲ್‌ನಲ್ಲಿ ಗವರ್ನರ್ ಆಗಿ ಬಂದವರು ನಂದಲಾಲ್ ವೀರಸಿಂಗೆ. ಮೇ 9ರಂದು ಮಹಿಂದ ಬೆಂಬಲಿಗರು ಗಾಲ್ ಫೇಸ್ ಟೆಂಟುಗಳ ಮೇಲೆ ಬಿದ್ದು ಹೊಡೆದರು. ದೇಶವೆಲ್ಲ ಹೊತ್ತಿಕೊಂಡಿತು, ಮಹಿಂದ ಅಂದೇ ರಾಜೀನಾಮೆ ಕೊಟ್ಟರು. ಪ್ರಧಾನಿಯೂ ಇಲ್ಲ, ಸಂಪುಟವೂ ಇಲ್ಲ. ಆಗ ಈ ಗವರ್ನರ್ ಪತ್ರಕರ್ತರ ಮುಂದೆ ಕೂತು, ಒಂದೆರಡು ವಾರದಲ್ಲಿ ರಾಜಕೀಯ ಸ್ಥಿರತೆ ಬರದಿದ್ದರೆ ತಾನು ಹೊರಡುವುದಾಗಿ ಹೇಳಿಬಿಟ್ಟರು. ಸರ್ಕಾರವೇ ಇಲ್ಲದಿದ್ದರೆ ಅವರು ತಾನೇ ಏನು ಮಾಡಬೇಕು? ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಆಸ್ತಿಗೆ ಜಗಳ ಹೂಡಿದ್ದಾಗ ಸಾಹುಕಾರ ಸಾಲ ಕೊಡುವುದಿಲ್ಲ, ಪತ್ರಕ್ಕೆ ಸಹಿ ಹಾಕೋರು ಯಾರು ಅಂತ ಕೇಳುತ್ತಾನೆ. ಹೊರಗಿನವರು ಕೊಲಂಬೊವನ್ನು ಕೇಳಿದ್ದೂ ಅದನ್ನೇ. ಜುಲೈ 10ರಂದು ಹಣಕಾಸು ನಿಧಿ ಹೊರಡಿಸಿದ ಹೇಳಿಕೆಯ ಸಾರವೂ ಇಷ್ಟೇ: ಈ ಪರಿಸ್ಥಿತಿ ಬಗೆಹರಿದು ಮಾತುಕತೆ ಮತ್ತೆ ಶುರುವಾಗಲಿ ಅಂತ ಆಶಿಸುತ್ತೇವೆ. ರಾಜಕಾರಣಿಗಳ ಹಗ್ಗಜಗ್ಗಾಟದ ಒಂದೊಂದು ವಾರವೂ ಬಂಕಿನ ಕ್ಯೂಗೆ ಇನ್ನೊಂದು ವಾರ ಸೇರಿಸುತ್ತಿತ್ತು. ಈ ಪ್ರವಾಸದಲ್ಲಿ ನನ್ನ ಹೊಟ್ಟೆ ಉರಿಸಿದ್ದು ಇದೇ.

ಮಧ್ಯಾಹ್ನ ಕೋಟ್ಟೆಗೆ ಬಸ್ಸಿನಲ್ಲಿ ಹೋದೆ. ದಿಯವನ್ನ ಕೆರೆಯ ನಡುವೆ ಸಂಸತ್ ಭವನ. ಜೆಫ್ರಿ ಬಾವ ವಿನ್ಯಾಸ ಮಾಡಿದ್ದು, 1982ರಲ್ಲಿ ತೆರೆದದ್ದು. ದಡದಿಂದ ತಾಮ್ರದ ಚಾವಣಿಗಳು ಕಾಣುತ್ತವೆ. ಮೇ 12ರಂದು ಪ್ರಧಾನಿಯಾದ ರನಿಲ್ ವಿಕ್ರಮಸಿಂಘೆ ಈ ಸಂಸತ್ತಿನಲ್ಲಿ ತಮ್ಮ ಪಕ್ಷದ ಒಬ್ಬರೇ ಸದಸ್ಯ. ಜೂನ್ 22ರಂದು ಅವರು ಇಲ್ಲೇ ನಿಂತು ಆರ್ಥಿಕತೆ ಪೂರ್ತಿ ಕುಸಿದಿದೆ ಅಂದರು. ಭಾರತ ಕೊಟ್ಟದ್ದು ದಾನವಲ್ಲ, ತೀರಿಸಬೇಕಾದ ಸಾಲ, ಭಾರತವೂ ಎಷ್ಟು ದಿನ ಹೀಗೆ ಕೊಡುತ್ತೆ ಅಂತ ಸಂಸದರಿಗೆ ನೇರವಾಗಿ ಹೇಳಿದರು. ಭಾರತ, ಚೀನಾ, ಜಪಾನ್ ಮೂವರನ್ನೂ ಒಟ್ಟಿಗೆ ಕೂರಿಸಿ ನೆರವು ಕೇಳುವ ಯೋಚನೆ ಅವರದು. ಸಚಿವರು ಕತಾರಿಗೆ ಹೋದರು. ಜುಲೈ 6ರಂದು ಗೋಟಬಯ ಪುಟಿನ್‌ಗೆ ಫೋನ್ ಮಾಡಿ ಇಂಧನಕ್ಕೆ ಸಾಲ ಕೇಳಿದರು. ಒಂದು ವಾರಕ್ಕೆ ಅವರೇ ಮಾಲ್ಡೀವ್ಸ್‌ಗೆ, ಅಲ್ಲಿಂದ ಸಿಂಗಾಪುರಕ್ಕೆ ಹೊರಟುಹೋದರು. ಜುಲೈ 20ಕ್ಕೆ ಸಂಸದರು 134 ಮತಗಳಿಂದ ರನಿಲ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. 22ರ ಬೆಳಗಿನ ಜಾವ ಸೇನೆ ಗಾಲ್ ಫೇಸ್ ಟೆಂಟುಗಳನ್ನು ಕಿತ್ತಿತು. ಸಾಲ ಕೊಡುವವರಿಗೆ ಸ್ಥಿರತೆ ಕಾಣಬೇಕಿತ್ತು ನಿಜ. ಆದರೆ ಮಲಗಿದ್ದ ಜನರನ್ನು ಆ ಹೊತ್ತಿನಲ್ಲಿ ಬಡಿದು ಎಬ್ಬಿಸಿದ್ದು ತಪ್ಪು. ಆಟೋ ಅಣ್ಣನೂ ಅದನ್ನೇ ಹೇಳಿದರು.

ಸೆಪ್ಟೆಂಬರ್ 1ಕ್ಕೆ ಹಣಕಾಸು ನಿಧಿಯ ಅಧಿಕಾರಿಗಳ ಜೊತೆ 290 ಕೋಟಿ ಡಾಲರ್ ಒಪ್ಪಂದವಾಯಿತು. ಹಣ ಮಾತ್ರ ಬರಲಿಲ್ಲ. ಹಳೇ ಸಾಲ ಕೊಟ್ಟ ದೇಶಗಳು ರಿಯಾಯಿತಿ ಕೊಡುತ್ತೇವೆ ಅಂತ ಬರೆದುಕೊಡಬೇಕಿತ್ತು. ಭಾರತ 2023ರ ಜನವರಿಯಲ್ಲಿ ಮೊದಲು ಬರೆದುಕೊಟ್ಟಿತು, ಜೈಶಂಕರ್ ಕೊಲಂಬೊಗೇ ಹೋಗಿ ಅದನ್ನು ಹೇಳಿದರು. ಚೀನಾದ ಪತ್ರ ಪೂರ್ತಿಯಾಗಿ ಸಿಕ್ಕಿದ್ದು ಮಾರ್ಚ್‌ನಲ್ಲಿ. ಮಾರ್ಚ್ 20ಕ್ಕೆ ನಿಧಿಯ ಮಂಡಳಿ ಒಪ್ಪಿತು.

ಕೊನೆಗೆ ಹಂಬನ್‌ತೋಟ. ಎಕ್ಸ್‌ಪ್ರೆಸ್‌ವೇ ಬಸ್ಸಿನಲ್ಲಿ ಆರಾಮಾಗಿ ತಲುಪಬಹುದು. ಬಂದರಿನ ಗೇಟಿನಾಚೆ ನನ್ನಂಥವರಿಗೆ ಪ್ರವೇಶವಿಲ್ಲ, ರಸ್ತೆಯಿಂದಲೇ ಕ್ರೇನುಗಳನ್ನು ನೋಡಿದೆ. ಚೀನಾ ಸಾಲದಿಂದ ಕಟ್ಟಿದ ಬಂದರು, 2017ರಲ್ಲಿ 112 ಕೋಟಿ ಡಾಲರ್‌ಗೆ ಚೀನಾ ಕಂಪನಿಗೇ 99 ವರ್ಷದ ಗುತ್ತಿಗೆ. ಲಂಕಾ ಮುಳುಗಿದ್ದೇ ಇದರಿಂದ ಅಂತ ನಮ್ಮಲ್ಲಿ ಸುಮ್ನೆ ಹೇಳಿಬಿಡುತ್ತಾರೆ. ಲೆಕ್ಕ ಹಾಗಿಲ್ಲ. ಚೀನಾಕ್ಕಿಂತ ಜಾಸ್ತಿ ಸಾಲ ಇದ್ದದ್ದು ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡುಗಳದ್ದು. 2019ರ ಕೊನೆಯಲ್ಲಿ ತೆರಿಗೆ ಕಡಿತ ಮಾಡಿ ವರಮಾನ ಕಳೆದುಕೊಂಡರು. ಕೋವಿಡ್‌ನಿಂದ ಪ್ರವಾಸಿಗರು ನಿಂತರು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿ ಭತ್ತದ ಬೆಳೆ ಹಾಳಾಯಿತು. ಆದರೂ ಈ ಬಂದರು ಇನ್ನೊಂದು ವಿಷಯ ತೋರಿಸುತ್ತದೆ. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಇಲ್ಲಿಗೆ ಹೊರಟಾಗ ಭಾರತ ಆತಂಕ ಹೇಳಿತು. ಕೊಲಂಬೊ ಮೊದಲು ಈಗ ಬೇಡ ಅಂದಿತು, ಆಮೇಲೆ ಬಿಟ್ಟಿತು, 16ಕ್ಕೆ ಹಡಗು ಬಂತು. ಇಬ್ಬರ ಸಾಲದಲ್ಲೂ ಇದ್ದವರಿಗೆ ಇಬ್ಬರಿಗೂ ಇಲ್ಲ ಅನ್ನೋದು ಕಷ್ಟ.

ಬಸ್ ನಿಲ್ದಾಣದ ಹತ್ತಿರ ಎಮ್ಮೆ ಮೊಸರಿನ ಅಂಗಡಿ. ಮಣ್ಣಿನ ಕುಡಿಕೆಯಲ್ಲಿ ಚಾಕುವಿಗೆ ಕುಯ್ಯುವಷ್ಟು ಗಟ್ಟಿ ಮೊಸರು, ಮೇಲೆ ಬೈನೆ ಮರದ ಬೆಲ್ಲದ ಪಾಕ. ಅಂಗಡಿಯ ತಾಯಿಗೆ ಸಿಂಹಳ ಮಾತ್ರ ಬರುತ್ತಿತ್ತು, ಮಗಳು ಇಂಗ್ಲಿಷ್‌ನಲ್ಲಿ ಹೇಳಿದಳು. ಅಣ್ಣ 2022ರಲ್ಲೇ ಕುವೈತ್‌ಗೆ ಹೋದನಂತೆ, ಡ್ರೈವರ್ ಕೆಲಸ. ಆ ಒಂದೇ ವರ್ಷ 3 ಲಕ್ಷಕ್ಕೂ ಹೆಚ್ಚು ಜನ ಹೀಗೆ ಕೆಲಸಕ್ಕೆ ದೇಶ ಬಿಟ್ಟರು. 2024ರಲ್ಲಿ ಇವರೂ ಇವರಿಗಿಂತ ಮೊದಲು ಹೋದವರೂ ಸೇರಿ ಮನೆಗೆ ಕಳಿಸಿದ ಹಣ 650 ಕೋಟಿ ಡಾಲರ್ ದಾಟಿತು. ಹಣಕಾಸು ನಿಧಿಯ ಇಡೀ ಸಾಲದ ಎರಡು ಪಟ್ಟಿಗಿಂತ ಜಾಸ್ತಿ. ಭಾರತ, ಜಪಾನ್, ಚೀನಾ ಕೊಟ್ಟ ಸಾಲದ ಅಸಲಿನ ಕಂತುಗಳು 2028ರಿಂದ ಶುರುವಾಗುತ್ತವೆ, ತೀರುವುದು 2043ಕ್ಕೆ. ಆಗ ಅಣ್ಣನಿಗೆ ಎಷ್ಟು ವಯಸ್ಸು ಅಂತ ಕೇಳಿದೆ. ಹುಡುಗಿ ಬೆರಳು ಮಡಿಸಿ ಲೆಕ್ಕ ಹಾಕಿ, ನಲವತ್ತೇಳು ಅಂದಳು.