ಜಿಪಿಎಸ್ ತೋರಿಸುವ ಅಂಕಿಗಳಲ್ಲಿ ಯಾವುದನ್ನು ನಂಬಬಹುದು?

ಜಿಪಿಎಸ್ ಸಾಧನದಲ್ಲಿ ಟ್ರ್ಯಾಕ್ ರೆಕಾರ್ಡಿಂಗ್ ಶುರು ಮಾಡಿ, ಅದನ್ನು ಕಿಟಕಿ ಪಕ್ಕ ಇಟ್ಟು ಮಲಗಿ ನೋಡಿ. ಬೆಳಗ್ಗೆ ಏಳುವಷ್ಟರಲ್ಲಿ ಅದು ಕಿಲೋಮೀಟರ್‌ಗಟ್ಟಲೆ ನಡೆದು ಬಂದಿರುತ್ತದೆ. ಮ್ಯಾಪ್ ಮೇಲೆ ಕೋಳಿ ಕೆದರಿದ ಹಾಗೆ ಗೆರೆಗಳು. ಸಾಧನ ಮಾತ್ರ ಇಟ್ಟ ಜಾಗದಲ್ಲೇ ಇರುತ್ತದೆ. ಇದು ಕೆಟ್ಟುಹೋಗಿದೆ ಅಂತ ವಾಪಸ್ ಕೊಟ್ಟು ಬರುವವರೂ ಇದ್ದಾರೆ. ಕೆಟ್ಟಿರುವುದಿಲ್ಲ.

ನನ್ನ ತಕರಾರು ಇರುವುದು ಅದರ ಸ್ಕ್ರೀನ್ ಬಗ್ಗೆ. ಇರುವ ಜಾಗ, ವೇಗ, ಎತ್ತರ, ಸಾಗಿದ ದೂರ, ಎಲ್ಲವನ್ನೂ ಒಂದೇ ಥರ ದಪ್ಪ ಅಂಕಿಗಳಲ್ಲಿ ತೋರಿಸಿಬಿಡುತ್ತದೆ. ಆದರೆ ಒಂದೊಂದನ್ನೂ ಲೆಕ್ಕ ಹಾಕುವ ರೀತಿ ಬೇರೆ, ಹಾಗಾಗಿ ನಂಬಬಹುದಾದ ಮಟ್ಟವೂ ಬೇರೆ.

ಇರುವ ಜಾಗವನ್ನೇ ತೆಗೆದುಕೊಳ್ಳಿ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಸಿಗ್ನಲ್ ಬರಲು ಎಷ್ಟು ಹೊತ್ತಾಯಿತು ಎಂದು ಅಳೆದು, ಅದರಿಂದ ದೂರವನ್ನು ಲೆಕ್ಕ ಹಾಕುತ್ತದೆ. ಸಮಯದಲ್ಲಿ ಒಂದು ಮೈಕ್ರೊಸೆಕೆಂಡ್ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪು. ದಾರಿಯಲ್ಲಿ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶ ಇರುವ ಪದರ, ಸಿಗ್ನಲ್ಲನ್ನು ಒಂಚೂರು ತಡ ಮಾಡುತ್ತದೆ, ಆ ತಡವೂ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಇಷ್ಟೆಲ್ಲ ಇದ್ದರೂ, ತಲೆ ಮೇಲೆ ಆಕಾಶ ಪೂರ್ತಿ ಕಾಣುತ್ತಿದ್ದರೆ ಸಾಮಾನ್ಯ ಫೋನ್ ಕೂಡ 5 ಮೀಟರ್ ಆಸುಪಾಸಿನಲ್ಲಿ ನಿಮ್ಮನ್ನು ಗುರುತಿಸುತ್ತದೆ, ಅದು ಸಣ್ಣ ವಿಷಯ ಅಲ್ಲವೇ ಅಲ್ಲ. 2000ದ ಮೇ ತಿಂಗಳ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಸಿಗ್ನಲ್ಲನ್ನು ಬೇಕಂತಲೇ ಕೆಡಿಸುತ್ತಿತ್ತು. ಆಗ ನೂರು ಮೀಟರ್ ಆಚೀಚೆ ಆಗುವುದು ಮಾಮೂಲು.

ಎತ್ತರದ ಕಟ್ಟಡಗಳ ನಡುವೆ ಹೋದರೆ ಮಾತ್ರ ಕಥೆಯೇ ಬೇರೆ. ನೇರ ಸಿಗ್ನಲ್‌ಗೆ ಗೋಡೆ ಅಡ್ಡ. ಎದುರು ಕಟ್ಟಡದ ಗಾಜಿಗೆ ಬಡಿದು ಬಂದ ಸಿಗ್ನಲ್ ಮಾತ್ರ ಸಿಗುತ್ತದೆ. ಅದು ಸುತ್ತಿ ಬಂದಿದ್ದರಿಂದ ಉಪಗ್ರಹ ಇನ್ನೂ ದೂರ ಇದೆ ಎಂದು ಸಾಧನ ತಿಳಿಯುತ್ತದೆ, ನಿಮ್ಮನ್ನು ಎತ್ತಿ ಪಕ್ಕದ ಬೀದಿಗೆ ಹಾಕುತ್ತದೆ. 2018ರಿಂದ ಈಚೆಗೆ ಬಂದ ಕೆಲವು ಫೋನ್‌ಗಳು ಎಲ್5 ಎಂಬ ಎರಡನೇ ಫ್ರೀಕ್ವೆನ್ಸಿಯನ್ನೂ ಹಿಡಿಯುತ್ತವೆ. ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಎಂದು ಬೇರೆ ಮಾಡಲು ಅದು ನಿಜವಾಗಿಯೂ ಸಹಾಯ ಮಾಡುತ್ತದೆ. ಊರೊಳಗೇ ಜಾಸ್ತಿ ಓಡಾಡುವವರು ಫೋನ್ ಕೊಳ್ಳುವಾಗ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು "ನಿಖರತೆ 5 ಮೀಟರ್" ಎಂದು ಬರೆದಿರುತ್ತದಲ್ಲ, ಅದು ಗ್ಯಾರಂಟಿ ಅಲ್ಲ. ಸಾಧನ ತನ್ನ ಬಗ್ಗೆ ತಾನೇ ಮಾಡಿಕೊಂಡ ಅಂದಾಜು. ಆಂಡ್ರಾಯ್ಡ್‌ನಲ್ಲಿ ಅದರ ಅರ್ಥ, ನೀವು ಆ ವೃತ್ತದ ಒಳಗೆ ಇರುವ ಸಾಧ್ಯತೆ 68% ಎಂದಷ್ಟೇ. ಉಳಿದ ಮೂರನೇ ಒಂದು ಪಾಲು ಸಲ ನೀವು ಹೊರಗೇ ಇರಬಹುದು. ಅಕ್ಷಾಂಶದಲ್ಲಿ ದಶಾಂಶದ ಐದನೇ ಅಂಕಿ ಅಂದರೆ ಸುಮಾರು 1.1 ಮೀಟರ್. ಎಂಟು ಅಂಕಿ ತೋರಿಸುವ ಆ್ಯಪ್ ಮಿಲಿಮೀಟರ್ ಲೆಕ್ಕ ಕೊಡುತ್ತಿದೆ ಎಂದಾಯಿತು, ಸುಮ್ನೆ ನಕ್ಕುಬಿಡಿ.

ಈಗ ರಾತ್ರಿಯೆಲ್ಲ ನಡೆದ ಸಾಧನದ ವಿಷಯ. ಒಂದೊಂದು ಬಿಂದುವೂ ಕೆಲವು ಮೀಟರ್ ಆಚೆ ಈಚೆ ಬೀಳುತ್ತದೆ, ದೂರ ಅಳೆಯುವ ಪ್ರೋಗ್ರಾಂ ಎಲ್ಲ ಬಿಂದುಗಳನ್ನೂ ಗೆರೆ ಎಳೆದು ಕೂಡಿಸುತ್ತಾ ಹೋಗುತ್ತದೆ. ತಪ್ಪುಗಳು ಒಂದನ್ನೊಂದು ಕಳೆಯುವುದಿಲ್ಲ, ಯಾಕೆಂದರೆ ದೂರಕ್ಕೆ ಮೈನಸ್ ಇಲ್ಲ. ನಡೆಯುವವರಿಗೆ ಇದರ ಕಾಟ ಜಾಸ್ತಿ, ಸೆಕೆಂಡಿಗೆ ಒಂದೂವರೆ ಮೀಟರ್ ಕೂಡ ಸಾಗದವರಿಗೆ ಒಂದೆರಡು ಮೀಟರ್ ಅಂಕುಡೊಂಕು ಸೇರಿದರೆ ಲೆಕ್ಕ ಉಬ್ಬುತ್ತದೆ, ಕಾರಿನಲ್ಲಿ ಹೋಗುವವರಿಗೆ ಅದು ಗೊತ್ತೂ ಆಗುವುದಿಲ್ಲ. ಬ್ಯಾಟರಿ ಉಳಿಸಲು ನಿಮಿಷಕ್ಕೊಂದೇ ಬಿಂದು ದಾಖಲಿಸುವ ಹಾಗೆ ಇಟ್ಟರೆ ಇದಕ್ಕೆ ಉಲ್ಟಾ. ತಿರುವುಗಳೆಲ್ಲ ನೇರ ಗೆರೆಯಾಗಿ ದೂರ ಕಡಿಮೆ ಬರುತ್ತದೆ. ಒಂದೇ ದಾರಿಯಲ್ಲಿ ಜೊತೆಗೆ ನಡೆದ ಇಬ್ಬರಿಗೆ ಬೇರೆ ಬೇರೆ ದೂರ ಬರುವುದು ಹೀಗೆ. ಇಬ್ಬರದೂ ಸರಿ ಇರಲಿಕ್ಕಿಲ್ಲ!

ವೇಗವನ್ನು ನಾನು ಎಲ್ಲಕ್ಕಿಂತ ಜಾಸ್ತಿ ನಂಬುತ್ತೇನೆ. ಹೆಚ್ಚಿನ ರಿಸೀವರ್‌ಗಳು ಅದನ್ನು ಬಿಂದುಗಳಿಂದ ತೆಗೆಯುವುದಿಲ್ಲ, ಸಿಗ್ನಲ್‌ನ ಡಾಪ್ಲರ್ ಬದಲಾವಣೆಯಿಂದ, ಅಂದರೆ ಚಲನೆಯಿಂದಾಗಿ ಅದರ ಫ್ರೀಕ್ವೆನ್ಸಿಯಲ್ಲಿ ಆಗುವ ಏರಿಳಿತದಿಂದ, ನೇರವಾಗಿ ಅಳೆಯುತ್ತವೆ. ಒಂದೇ ವೇಗದಲ್ಲಿ, ಬಯಲಿನಲ್ಲಿ ಹೋಗುತ್ತಿದ್ದರೆ ಅದು ಕಾರಿನ ಸ್ಪೀಡೋಮೀಟರ್‌ಗಿಂತ ವಾಸಿ. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಬಾರದು ಎಂದು ಹಲವು ದೇಶಗಳಲ್ಲಿ ನಿಯಮವೇ ಇದೆ, ಹಾಗಾಗಿ ಕಂಪನಿಗಳು ಅದನ್ನು ಸ್ವಲ್ಪ ಹೆಚ್ಚಿಗೇ ಇಟ್ಟಿರುತ್ತವೆ. ಆದರೆ "ಗರಿಷ್ಠ ವೇಗ" ಎಂಬ ಅಂಕಿಯನ್ನು ಮಾತ್ರ ನೋಡಲೇಬೇಡಿ. ಅದನ್ನು ಬಿಂದುಗಳಿಂದಲೇ ತೆಗೆಯುವ ಆ್ಯಪ್‌ಗಳಲ್ಲಿ ಎಲ್ಲೋ ಒಂದು ಬಿಂದು ಹಾರಿದರೆ ಸಾಕು, ನಡೆದುಹೋದವರು ರೈಲಿನ ವೇಗದಲ್ಲಿ ಓಡಿರುತ್ತಾರೆ.

ಎತ್ತರ ಎಲ್ಲಕ್ಕಿಂತ ದುರ್ಬಲ. ಉಪಗ್ರಹಗಳೆಲ್ಲ ಮೇಲೇ ಇರುತ್ತವೆ, ನೆಲದ ಕೆಳಗಿನಿಂದ ಹೋಲಿಸಿ ನೋಡಲು ಯಾವುದೂ ಇಲ್ಲ, ಅದಕ್ಕೇ ಮೇಲೆ-ಕೆಳಗಿನ ತಪ್ಪು ಅಡ್ಡಡ್ಡ ತಪ್ಪಿಗಿಂತ ದೊಡ್ಡದು. ಮೇಲ್ಸೇತುವೆ ಮೇಲೆ ಇದ್ದೀರೋ ಕೆಳಗಿನ ರಸ್ತೆಯಲ್ಲಿದ್ದೀರೋ ಎಂದು ದಾರಿ ಹೇಳುವ ಸಾಧನಕ್ಕೆ ಗೊಂದಲ ಆಗುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಸಮಸ್ಯೆ, ಯಾವುದರಿಂದ ಎತ್ತರ? ಜಿಪಿಎಸ್ ಅಳೆಯುವುದು ಲೆಕ್ಕಕ್ಕೆಂದು ನಯವಾಗಿ ಎಳೆದ ಒಂದು ದೀರ್ಘವೃತ್ತಜದಿಂದ, ಅಂದರೆ ಭೂಮಿಯ ಆಕಾರಕ್ಕೆ ಹೊಂದುವ, ಸ್ವಲ್ಪ ಚಪ್ಪಟೆಯಾದ ಗೋಳದಿಂದ. ನಿಜವಾದ ಸಮುದ್ರಮಟ್ಟ ಗುರುತ್ವಕ್ಕೆ ತಕ್ಕಂತೆ ಉಬ್ಬುತಗ್ಗಾಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ದೀರ್ಘವೃತ್ತಜಕ್ಕಿಂತ ನೂರು ಮೀಟರ್‌ಗೂ ಜಾಸ್ತಿ ಕೆಳಗಿದೆ. ಈ ವ್ಯತ್ಯಾಸವನ್ನು ಸರಿಪಡಿಸದ ಆ್ಯಪ್ ಅಲ್ಲಿ ಹಡಗಿನಲ್ಲಿ ಕುಳಿತವರಿಗೆ ನೀವು ನೀರಿನ ಅಡಿಯಲ್ಲಿದ್ದೀರಿ ಎನ್ನುತ್ತದೆ. ಬೆಟ್ಟ ಹತ್ತುವವರು ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಇರುವ ಸಾಧನ ಇಟ್ಟುಕೊಂಡು, ಎತ್ತರ ಗೊತ್ತಿರುವ ಕಡೆ ಹೊಂದಿಸಿಕೊಳ್ಳುವುದು ಉತ್ತಮ.

ಹಳೆಯ ಸಾಧನದಲ್ಲಿ ತಾರೀಖು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಕಾರಣ ಸರಳ. ಜಿಪಿಎಸ್ ವಾರಗಳನ್ನು 1024ರ ತನಕ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಗಿದೆ. ಅಪ್‌ಡೇಟ್ ಸಿಕ್ಕರೆ ಹಾಕಿ, ಸಿಗದಿದ್ದರೆ ತಾರೀಖನ್ನು ಮರೆತುಬಿಡಿ, ಜಾಗ ಸಾಮಾನ್ಯವಾಗಿ ಸರಿಯಾಗೇ ತೋರಿಸುತ್ತದೆ. ಫೋನ್ ಇದ್ದಕ್ಕಿದ್ದಂತೆ ನಿಮ್ಮನ್ನು ಬೇರೆ ಊರಿಗೆ ಎಸೆದರೆ ಉಪಗ್ರಹವನ್ನು ಬೈಯಬೇಡಿ. ಹತ್ತಿರದ ವೈಫೈ ರೌಟರ್ ಯಾರದೋ ಮನೆ ಸಾಮಾನಿನ ಜೊತೆ ಊರು ಬದಲಿಸಿರಬಹುದು, ಫೋನ್ ಇನ್ನೂ ಅದರ ಹಳೇ ವಿಳಾಸವನ್ನೇ ಹಿಡಿದುಕೊಂಡಿದೆ ಅಷ್ಟೇ.

ಒಂದು ಜಾಗವನ್ನು ನಿಖರವಾಗಿ ಗುರುತು ಮಾಡಬೇಕಿದ್ದರೆ, ಅಲ್ಲೇ ನಿಂತು ಒಂದು ನಿಮಿಷದ ಸರಾಸರಿ ತೆಗೆದರೆ ದೊಡ್ಡ ಲಾಭ ಇಲ್ಲ, ಯಾಕೆಂದರೆ ತಪ್ಪು ನಿಧಾನವಾಗಿ ಸರಿಯುವಂಥದ್ದು, ಆ ನಿಮಿಷದ ಬಿಂದುಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ. ಕೆಲವು ಗಂಟೆ ಬಿಟ್ಟೋ, ಮರುದಿನ ಬೇರೆ ಹೊತ್ತಿನಲ್ಲೋ ಮತ್ತೆ ಹೋಗಿ ತೆಗೆಯಿರಿ. ಆಗ ಉಪಗ್ರಹಗಳು ಬೇರೆ ಕಡೆ ಇರುತ್ತವೆ, ಎರಡನ್ನೂ ಸೇರಿಸಿ ತೆಗೆದ ಸರಾಸರಿಗೆ ಸ್ವಲ್ಪ ಬೆಲೆ ಇರುತ್ತದೆ.