ಕ್ಯಾಮ್ ಕಲಿಯುವ ಮಷಿನಿಸ್ಟ್‌ಗೆ ಒಂದು ಅಲ್ಯೂಮಿನಿಯಂ ಪ್ಲೇಟ್ ಸಾಕು

ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ಮುಂದೆ ಹತ್ತು ವರ್ಷ ನಿಂತವರ ಕೈಗೆ ಎಷ್ಟೋ ವಿಷಯ ತಾನಾಗಿ ಗೊತ್ತಿರುತ್ತೆ. ಜಾಬ್ ಹಿಡಿಯುವ ವೈಸ್ ಜಾ ಎಲ್ಲಿವರೆಗೆ ಬರುತ್ತೆ, ಕಟರ್ ಹಿಡಿಯುವ ಕಾಲೆಟ್ ನಟ್ ಎಷ್ಟು ದಪ್ಪ, ಕಟರ್ ಯಾವ ಸದ್ದು ಮಾಡಿದರೆ ಫೀಡ್ (ಕಟರ್ ಮುಂದೆ ಸರಿಯುವ ವೇಗ) ಇಳಿಸಬೇಕು ಅನ್ನೋದನ್ನೆಲ್ಲ ಯೋಚಿಸದೇ ಮಾಡುತ್ತಾರೆ. ಕ್ಯಾಮ್ ಸಾಫ್ಟ್‌ವೇರ್‌ಗೆ, ಅಂದರೆ ಡ್ರಾಯಿಂಗ್‌ನಿಂದ ಮಷಿನ್ ಪ್ರೋಗ್ರಾಂ ತೆಗೆಯುವ ಸಾಫ್ಟ್‌ವೇರ್‌ಗೆ, ಇದರಲ್ಲಿ ಒಂದೂ ಗೊತ್ತಿಲ್ಲ. ನೀವು ಬಾಯಿಬಿಟ್ಟು ಹೇಳಿದ್ದಷ್ಟೇ ಅದರ ಪ್ರಪಂಚ. ಹಾಗಾಗಿ ಬಟನ್‌ಗಳನ್ನು ಉರು ಹೊಡೆಯುವುದಕ್ಕಿಂತ, ಕೈಗೆ ಗೊತ್ತಿರುವುದನ್ನು ಒಂದೊಂದಾಗಿ ಅಂಕಿಯಲ್ಲಿ ಬರೆಯುವುದನ್ನು ಕಲಿತರೆ ಕೆಲಸ ಬೇಗ ಹಿಡಿತಕ್ಕೆ ಬರುತ್ತೆ.

ಯಾವ ಸಾಫ್ಟ್‌ವೇರ್ ಅನ್ನೋ ಚರ್ಚೆಗೆ ಹೆಚ್ಚು ಹೊತ್ತು ಬೇಡ. ನಿಮ್ಮ ಶಾಪ್‌ನಲ್ಲಿ ಮಾಸ್ಟರ್‌ಕ್ಯಾಮ್ ಇದ್ದರೆ ಅದು, ಎನ್‌ಎಕ್ಸ್ ಇದ್ದರೆ ಅದು. ಏನೂ ಇಲ್ಲದಿದ್ದರೆ ಮನೆಯಲ್ಲಿ ಫ್ಯೂಶನ್‌ನ ಪರ್ಸನಲ್ ಲೈಸೆನ್ಸ್‌ನಲ್ಲಿ ಕಲಿಯಬಹುದು, ಆದರೆ ಅದು ವ್ಯಾಪಾರದ ಕೆಲಸಕ್ಕಲ್ಲ. 2020ರ ಅಕ್ಟೋಬರ್‌ನಿಂದ ಅದರಲ್ಲಿ ಜಿ00 ರ‍್ಯಾಪಿಡ್ (ಕತ್ತರಿಸದೆ ಪೂರ್ತಿ ವೇಗದಲ್ಲಿ ಓಡುವುದು) ಬರುವುದಿಲ್ಲ, ಎಲ್ಲ ಚಲನೆಯೂ ಫೀಡ್‌ನಲ್ಲೇ. ಟೂಲ್ ಚೇಂಜ್ ಕೂಡ ಸಿಗದ ಕಾರಣ ಟೂಲ್‌ಗೊಂದು ಪ್ರೋಗ್ರಾಂ ತೆಗೆಯಬೇಕು. ಫ್ರೀಕ್ಯಾಡ್ ಪೂರ್ತಿ ಉಚಿತ, ಶಾಪ್ ಕೆಲಸಕ್ಕೂ ಬಳಸಬಹುದು. 2024ರ ನವೆಂಬರ್‌ನಲ್ಲಿ ಬಂದ 1.0ರಲ್ಲಿ ಅದರ ಮಿಲ್ಲಿಂಗ್ ವಿಭಾಗಕ್ಕೆ ಕ್ಯಾಮ್ ಅಂತಲೇ ಹೆಸರಿದೆ. ಕೂತು ಕಲಿಸುವವರು ಬೇಕು ಅಂದರೆ ಬೆಂಗಳೂರಿನಲ್ಲಿ ರಾಜಾಜಿನಗರದ ಜಿಟಿಟಿಸಿ, ಪೀಣ್ಯದ ಎನ್‌ಟಿಟಿಎಫ್ ತರಬೇತಿ ಸಂಸ್ಥೆಗಳಿವೆ. ಒಂದು ಸಾಫ್ಟ್‌ವೇರ್ ಸರಿಯಾಗಿ ಬಂದವರಿಗೆ ಇನ್ನೊಂದರಲ್ಲಿ ಮೆನು ಹುಡುಕುವುದಷ್ಟೇ ಹೊಸದು.

ಕಲಿಯಲು ಒಂದೇ ಜಾಬ್ ಇಟ್ಟುಕೊಳ್ಳಿ. 6061 ಅಲ್ಯೂಮಿನಿಯಂ, ಮುಗಿದ ಅಳತೆ 100 × 60 × 20 ಎಂಎಂ. ನಡುವೆ 60 × 30 ಪಾಕೆಟ್ (ಗುಳಿ), ಆಳ 12, ಮೂಲೆ ರೇಡಿಯಸ್ 5. ನಾಲ್ಕು ಮೂಲೆಯಲ್ಲಿ ಎಂ8 ಥ್ರೂ ಟ್ಯಾಪಿಂಗ್ (ಆರಪಾರ ತೂತಿಗೆ ಒಳಗಡೆ ಥ್ರೆಡ್). ನೋಡೋಕೆ ಚಿಕ್ಕದು, ಆದರೆ ತಪ್ಪು ಮಾಡಬಹುದಾದ ಜಾಗಗಳೆಲ್ಲ ಇದರಲ್ಲೇ ಇವೆ.

ಮೊದಲ ಪ್ರಶ್ನೆ ಸ್ಟಾಕ್, ಅಂದರೆ ಮಷಿನ್‌ಗೆ ಹಾಕುವ ಕಚ್ಚಾ ತುಂಡು. 25 ಎಂಎಂ ಪ್ಲೇಟ್ ತಂದರೆ ಮೇಲೆ 1 ಎಂಎಂ ಫೇಸಿಂಗ್‌ನಲ್ಲಿ (ಮೇಲ್ಮೈ ಸಮ ಮಾಡುವುದರಲ್ಲಿ) ಹೋಗಿ ಕೆಳಗೆ ಉಳಿಯುವುದು 4. ಅದರಲ್ಲಿ 3 ಎಂಎಂ ವೈಸ್‌ನಲ್ಲಿ ಹಿಡಿದರೆ, ಮಾಮೂಲಿ ನುಣುಪು ಜಾದಿಂದ ರಫಿಂಗ್‌ನಲ್ಲಿ ಜಾಬ್ ಕಿತ್ತುಕೊಂಡು ಬರಬಹುದು. ಮೊದಲ ಸಲಕ್ಕೆ 30 ಎಂಎಂ ಪ್ಲೇಟ್ ತಗೊಳ್ಳಿ, ಮೆಟೀರಿಯಲ್ ಸ್ವಲ್ಪ ಹೆಚ್ಚು ಹೋದರೂ ಪರವಾಗಿಲ್ಲ. 105 × 65ಕ್ಕೆ ಕತ್ತರಿಸಿ. ಮುಗಿದ ಮೇಲ್ಮೈಯನ್ನು ಝಡ್ ಸೊನ್ನೆ ಅಂತ ಇಟ್ಟರೆ ಸ್ಟಾಕ್‌ನ ತಳ ಝಡ್ ಮೈನಸ್ 29. 6 ಎಂಎಂ ಹಿಡಿದರೆ ಜಾ ಮೇಲಂಚು ಮೈನಸ್ 23. ಹೊರ ಪ್ರೊಫೈಲ್ (ಸುತ್ತಲಿನ ಅಂಚು ಕತ್ತರಿಸುವ ಪಾಸ್) ಮೈನಸ್ 20.5ರವರೆಗೆ ಇಳಿದರೂ ಕಟರ್‌ಗೂ ಜಾಗೂ ನಡುವೆ ಎರಡೂವರೆ ಎಂಎಂ ಇರುತ್ತೆ. ಈ ಲೆಕ್ಕ ಕಾಗದದ ಮೇಲೆ ಮುಗಿಯುವ ಮುಂಚೆ ಮೌಸ್ ಮುಟ್ಟಬೇಡಿ.

ಬ್ಯಾಂಡ್‌ಸಾದಲ್ಲಿ ಕತ್ತರಿಸಿದ ತುಂಡು 105 ಅಂದರೆ 105 ಇರಲ್ಲ, 107 ಇರಬಹುದು. ಸಾಫ್ಟ್‌ವೇರ್‌ಗೆ 105 ಅಂತ ಹೇಳಿದ್ದರೆ ಅದು ಸ್ಟಾಕ್‌ನ ಹೊರಗಿದೆ ಅಂದುಕೊಂಡ ಜಾಗಕ್ಕೆ ರ‍್ಯಾಪಿಡ್‌ನಲ್ಲಿ ಇಳಿಯುತ್ತೆ, ಅಲ್ಲಿ ನಿಜವಾಗಿ ಲೋಹ ಇರುತ್ತೆ. ಸಿಮ್ಯುಲೇಶನ್‌ನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತೆ, ಯಾಕಂದರೆ ಅದು ನೋಡುವುದೂ ನೀವು ಕೊಟ್ಟ 105ನ್ನೇ. ವರ್ನಿಯರ್ ಹಾಕಿ ಅಳೆದ ಅಳತೆ ಕೊಡಿ, ಅನುಮಾನ ಇದ್ದರೆ 1 ಎಂಎಂ ಜಾಸ್ತಿ ಕೊಡಿ. ವೈಸ್‌ನ ಮಾಡೆಲ್ ಕೂಡ ಹಾಕಿ. ಎರಡು ಆಯತದ ಬ್ಲಾಕ್ ಬರೆದರೂ ಸಾಕು, ಡಿಕ್ಕಿ ಹೊಡೆಯುವುದು ಸ್ಕ್ರೀನ್ ಮೇಲೇ ಗೊತ್ತಾಗುತ್ತೆ.

ಆಮೇಲೆ ಟೂಲ್ ಲೈಬ್ರರಿ. ಸಾಫ್ಟ್‌ವೇರ್ ಜೊತೆ ಬರುವ ಸಾವಿರ ಟೂಲ್‌ಗಳ ಪಟ್ಟಿ ಮುಟ್ಟಬೇಡಿ. ನಿಮ್ಮ ಮಷಿನ್ ಮ್ಯಾಗಜಿನ್‌ನಲ್ಲಿ ಇರುವ ಟೂಲ್‌ಗಳನ್ನಷ್ಟೇ, ಅದೇ ನಂಬರ್‌ನಲ್ಲಿ ಸೇರಿಸಿ: 50 ಎಂಎಂ ವ್ಯಾಸದ ಫೇಸ್ ಮಿಲ್, 10 ಮತ್ತು 8ರ ಮೂರು ಫ್ಲೂಟ್ (ಮೂರು ಹಲ್ಲಿನ) ಕಾರ್ಬೈಡ್ ಎಂಡ್ ಮಿಲ್, ಸ್ಪಾಟ್ ಡ್ರಿಲ್, 6.8 ಡ್ರಿಲ್, ಎಂ8 ಟ್ಯಾಪ್. ಪ್ರತಿಯೊಂದಕ್ಕೂ ಅದನ್ನು ಹಿಡಿಯುವ ಹೋಲ್ಡರ್‌ನ ಅಳತೆ ಕೊಡಲೇಬೇಕು. ಇಆರ್32 ಕಾಲೆಟ್ ನಟ್‌ನ ವ್ಯಾಸ 50 ಎಂಎಂ. 10ರ ಕಟರ್ ಗೋಡೆ ಪಕ್ಕ ಓಡುವಾಗ ನಟ್ 20 ಎಂಎಂ ಜಾಬ್ ಮೇಲೆ ಚಾಚಿರುತ್ತೆ. ಕಟರ್ 20 ಎಂಎಂ ಮಾತ್ರ ಹೊರಗಿದ್ದು ಪ್ರೊಫೈಲ್ 20.5 ಇಳಿದರೆ ನಟ್ ಜಾಬ್‌ನ ಮೈ ಮೇಲೆ ಕೂರುತ್ತೆ. 30 ಎಂಎಂ ಹೊರಗಿಡಿ, ಅಷ್ಟೇ ಅಂಕಿ ಲೈಬ್ರರಿಯಲ್ಲೂ ಬರೆಯಿರಿ. ಶಿಫ್ಟ್ ಬದಲಾದಾಗ ಯಾರೋ ಕಟರ್ ತೆಗೆದು ಮತ್ತೆ ಹಾಕಿ 22ಕ್ಕೆ ಬಿಗಿ ಮಾಡಿದರೆ ಆ ಪ್ರೋಗ್ರಾಂ ಆವತ್ತಿಗೆ ಅಪಾಯಕಾರಿ. ಅದಕ್ಕೇ ಸೆಟಪ್ ಶೀಟ್‌ನಲ್ಲಿ ಹೊರಚಾಚು ಬರೆಯುವ ಅಭ್ಯಾಸ ಮೊದಲ ಜಾಬ್‌ನಿಂದಲೇ ಇರಲಿ.

ಸ್ಪೀಡು ಫೀಡು ಸಾಫ್ಟ್‌ವೇರ್ ಹೇಳಿದ್ದನ್ನು ನಂಬಬೇಡಿ. ಅಲ್ಯೂಮಿನಿಯಂಗೆ ಕಾರ್ಬೈಡ್‌ನಲ್ಲಿ ನಿಮಿಷಕ್ಕೆ 300 ಮೀಟರ್ ಇಟ್ಟರೆ 10ರ ಕಟರ್‌ಗೆ ಸುಮಾರು 9,550 ಆರ್‌ಪಿಎಂ ಬರುತ್ತೆ. ನಿಮ್ಮ ಸ್ಪಿಂಡಲ್ 8,000ಕ್ಕೆ ನಿಲ್ಲುವುದಾದರೆ ಲೆಕ್ಕ ಅಲ್ಲಿಂದ ಶುರು. ಹಲ್ಲಿಗೆ 0.07 ಇಟ್ಟರೆ 8,000 × 3 × 0.07, ಅಂದರೆ 1,680 ಫೀಡ್.

ಪಾಕೆಟ್ ರಫಿಂಗ್‌ಗೆ (ಮೊದಲ ಒರಟು ಕತ್ತರಿಸುವಿಕೆಗೆ) ಅಡಾಪ್ಟಿವ್ ಅಥವಾ ಡೈನಾಮಿಕ್ ಅನ್ನೋ ಟೂಲ್‌ಪಾತ್ (ಕಟರ್ ಓಡುವ ದಾರಿ) ಬಳಸಿ. ಆಳ 12 ಒಂದೇ ಸಲಕ್ಕೆ, ಅಡ್ಡ ಕಚ್ಚು 1.5 ಮಾತ್ರ. ಕೈಯಲ್ಲಿ ಪ್ರೋಗ್ರಾಂ ಬರೆದವರಿಗೆ ಇದು ಉಲ್ಟಾ ಅನ್ನಿಸುತ್ತೆ, ನಾವು ಅಗಲವಾಗಿ ಕಚ್ಚಿ ಆಳ ಕಡಿಮೆ ಇಟ್ಟು ಬಂದವರು. ಅಡ್ಡ ಕಚ್ಚು ವ್ಯಾಸದ ಶೇ 15 ಇದ್ದಾಗ ಚಿಪ್ ನಿಜವಾಗಿ ಹಲ್ಲಿನ ಫೀಡ್‌ನ ಶೇ 71ರಷ್ಟೇ ದಪ್ಪ ಬರುತ್ತೆ. 0.07 ದಪ್ಪದ ಚಿಪ್ ಬೇಕಿದ್ದರೆ ಹಲ್ಲಿಗೆ ಹತ್ತಿರ ಹತ್ತಿರ 0.1 ಕೊಡಬೇಕು, ಫೀಡ್ 2,350ರ ಸುತ್ತ. ಭಯಪಟ್ಟು ಫೀಡ್ ಅರ್ಧ ಮಾಡಿದರೆ ಕಟರ್ ಕತ್ತರಿಸುವ ಬದಲು ಉಜ್ಜುತ್ತೆ, ಅಂಚಿಗೆ ಅಲ್ಯೂಮಿನಿಯಂ ಅಂಟಿಕೊಳ್ಳುತ್ತೆ, ಆಮೇಲೆ ಕಟರ್ ಮುರಿಯುತ್ತೆ. ಒಳಗೆ ಇಳಿಯುವುದಕ್ಕೆ ಹೀಲಿಕ್ಸ್ (ಸುರುಳಿ ದಾರಿ) ಇರಲಿ, ಇಳಿಜಾರು 2ರಿಂದ 3 ಡಿಗ್ರಿ. ನೇರ ಪ್ಲಂಜ್ ಬೇಡ. ಫಿನಿಶಿಂಗ್‌ಗೆ ಅಂತ ಗೋಡೆಗೆ 0.2, ತಳಕ್ಕೆ 0.1 ಉಳಿಸಿ.

ಹಳೇ ಮಷಿನ್‌ನಲ್ಲಿ ಪಳಗಿದವರಿಗೆ ಇಲ್ಲಿ ಒಂದು ಮಾತು. ಎಚ್‌ಎಂಟಿ ಎಫ್‌ಎನ್2ನಂಥ ಮಿಲ್ಲಿಂಗ್ ಮಷಿನ್‌ನಲ್ಲಿ ಸ್ಕ್ರೂ ಸವೆದು ಬ್ಯಾಕ್‌ಲಾಶ್ (ಸಡಿಲ) ಇದ್ದರೆ ಕ್ಲೈಂಬ್ ಮಿಲ್ಲಿಂಗ್ (ಜಾಬ್ ಸರಿಯುವ ದಿಕ್ಕಿಗೇ ಹಲ್ಲು ಕಚ್ಚುವುದು) ಮಾಡುವ ಹಾಗಿಲ್ಲ, ಕಟರ್ ಟೇಬಲ್ಲನ್ನೇ ಎಳೆದುಕೊಳ್ಳುತ್ತೆ. ಆ ಅಭ್ಯಾಸದಲ್ಲಿ ಕ್ಯಾಮ್‌ನಲ್ಲೂ ಅದಕ್ಕೆ ವಿರುದ್ಧವಾದ ಕನ್ವೆನ್ಷನಲ್ ಆರಿಸುವವರಿದ್ದಾರೆ. ಬಾಲ್ ಸ್ಕ್ರೂ ಇರುವ ವಿಎಂಸಿಯಲ್ಲಿ ಕ್ಲೈಂಬ್ ಇಡಿ. ಚಿಪ್ ದಪ್ಪದಿಂದ ತೆಳುವಿಗೆ ಹೋಗುತ್ತೆ, ಫಿನಿಶ್ ಚೆನ್ನಾಗಿ ಬರುತ್ತೆ, ಕಟರ್ ಬಾಳಿಕೆಯೂ ಬರುತ್ತೆ.

ಪಾಕೆಟ್ ಗೋಡೆಯ ಫಿನಿಶಿಂಗ್‌ಗೆ 10ರ ಕಟರ್ ಹಾಕಿದರೆ ಮೂಲೆಯಲ್ಲಿ ಕಿರುಚುತ್ತೆ. ಮೂಲೆ ರೇಡಿಯಸ್ 5, ಕಟರ್ ರೇಡಿಯಸ್ಸೂ 5. ಅಲ್ಲಿ ಕಟರ್ ಕಮಾನಿನಂತೆ ಸಾಗದೆ ಒಂದೇ ಬಿಂದುವಿನಲ್ಲಿ ದಿಕ್ಕು ಬದಲಾಯಿಸುತ್ತೆ, ಒಂದೇ ಕ್ಷಣಕ್ಕೆ ಕಾಲು ಸುತ್ತು ಲೋಹ ಕಚ್ಚುತ್ತೆ. 8ರ ಕಟರ್ ಹಾಕಿ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಮೂಲೆಯಲ್ಲಿ ಕಟರ್‌ನ ನಡುಬಿಂದು ಓಡುವುದು 1 ಎಂಎಂ ರೇಡಿಯಸ್‌ನಲ್ಲಿ, ಕತ್ತರಿಸುವ ಅಂಚು ಓಡುವುದು 5 ಎಂಎಂ ರೇಡಿಯಸ್‌ನಲ್ಲಿ. ಪ್ರೋಗ್ರಾಂನಲ್ಲಿ ಎಫ್1200 ಇದ್ದರೆ ಗೋಡೆಯ ಮೇಲೆ ನಿಜವಾದ ಫೀಡ್ 6,000. ಮೂಲೆಯಲ್ಲಿ 240ಕ್ಕೆ ಇಳಿಸಬೇಕು. ಸಾಫ್ಟ್‌ವೇರ್‌ಗಳಲ್ಲಿ ಮೂಲೆ ಫೀಡ್ ಕಡಿಮೆ ಮಾಡುವ ಆಯ್ಕೆ ಇರುತ್ತೆ, ಹುಡುಕಿ ಆನ್ ಮಾಡಿ. ಡ್ರಾಯಿಂಗ್ ಮಾಡುವವರು ಮಾತು ಕೇಳುವವರಾದರೆ ಮೂಲೆಯನ್ನು 5.5 ಅಥವಾ 6 ಮಾಡಿಸಿ, ಎಲ್ಲರಿಗೂ ಒಳ್ಳೆಯದು.

ಇನ್ನು ಕಟರ್ ಕಾಂಪನ್ಸೇಷನ್, ಅಂದರೆ ಕಟರ್‌ನ ರೇಡಿಯಸ್‌ನಷ್ಟು ದಾರಿಯನ್ನು ಗೋಡೆಯಿಂದ ಸರಿಸುವುದು. ಹೊಸಬರ ಜಾಬ್ ಅತಿ ಹೆಚ್ಚು ಹಾಳಾಗುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಕ್ಯಾಮ್‌ನಲ್ಲಿ ಕಂಪ್ಯೂಟರ್, ಕಂಟ್ರೋಲ್, ವೇರ್ ಅಂತ ಆಯ್ಕೆಗಳಿರುತ್ತವೆ. ಕಂಟ್ರೋಲ್ ಅಂದರೆ ಗೋಡೆಯ ಗೆರೆಯನ್ನೇ ಪ್ರೋಗ್ರಾಂ ಕೊಡುತ್ತೆ, ರೇಡಿಯಸ್ ಮಷಿನ್‌ನ ಡಿ ಆಫ್‌ಸೆಟ್‌ನಲ್ಲಿ (ರೇಡಿಯಸ್ ಬರೆಯುವ ಖಾನೆಯಲ್ಲಿ) ಇರಬೇಕು. ವೇರ್ ಅಂದರೆ ರೇಡಿಯಸ್ ಆಗಲೇ ಲೆಕ್ಕಕ್ಕೆ ಬಂದಿದೆ, ಡಿಯಲ್ಲಿ ಸೊನ್ನೆ ಇರಬೇಕು. ಎರಡನ್ನು ಅದಲು ಬದಲು ಮಾಡಿದರೆ ಹೀಗಾಗುತ್ತೆ: ವೇರ್ ಪ್ರೋಗ್ರಾಂಗೆ ಡಿಯಲ್ಲಿ 4.000 ಬಿಟ್ಟಿದ್ದರೆ ಕಟರ್ ಗೋಡೆಯಿಂದ 4 ಎಂಎಂ ದೂರ ಓಡುತ್ತೆ, ಇಲ್ಲವೇ ಚಿಕ್ಕ ಮೂಲೆಯಲ್ಲಿ ದಾರಿ ಸಿಗದೆ ಫ್ಯಾನುಕ್ (ಮಷಿನ್ ನಡೆಸುವ ಕಂಟ್ರೋಲ್) 41ನೇ ಅಲಾರಂ ಕೊಟ್ಟು ನಿಲ್ಲುತ್ತೆ. ಅದು ಪುಣ್ಯ. ಕಂಟ್ರೋಲ್ ಪ್ರೋಗ್ರಾಂಗೆ ಡಿಯಲ್ಲಿ ಸೊನ್ನೆ ಇದ್ದರೆ ಅಲಾರಂ ಬರಲ್ಲ, ಕಟರ್‌ನ ನಡುಬಿಂದು ನೇರ ಗೋಡೆಯ ಗೆರೆ ಮೇಲೆ ಹೋಗುತ್ತೆ, 4 ಎಂಎಂ ಗೋಡೆ ಹೋಯಿತು ಅಂತಲೇ.

ಶಾಪ್ ಪೂರ್ತಿ ವೇರ್ ಒಂದೇ ಇಟ್ಟುಕೊಳ್ಳಿ, ಗೊಂದಲವೇ ಇಲ್ಲ. ಪಾಕೆಟ್ ಅಳೆದಾಗ 59.96 ಬಂತು ಅಂದುಕೊಳ್ಳಿ. ಒಂದು ಬದಿಗೆ 0.02 ಬೇಕು. ಡಿಗೆ ಮೈನಸ್ 0.02 ಹಾಕಿ ಫಿನಿಶಿಂಗ್ ಪಾಸ್ ಮಾತ್ರ ಮತ್ತೆ ಓಡಿಸಿ, ಕಂಪ್ಯೂಟರ್ ಹತ್ತಿರ ಹೋಗಬೇಕಾಗಿಲ್ಲ. ಕಾಂಪನ್ಸೇಷನ್ ಆನ್ ಮಾಡುವ ಜಿ41 ಶುರುವಾಗುವ ಬ್ಲಾಕ್ (ಪ್ರೋಗ್ರಾಂನ ಲೈನ್) ನೇರ ಗೆರೆ ಆಗಿರಬೇಕು ಅನ್ನೋದು ನೆನಪಿರಲಿ. ಲೀಡ್-ಇನ್‌ನಲ್ಲಿ (ಕಟರ್ ಗೋಡೆಗೆ ಬಂದು ಸೇರುವ ದಾರಿಯಲ್ಲಿ) ಆರ್ಕ್ ಮಾತ್ರ ಇಟ್ಟು ಗೆರೆಯ ಉದ್ದ ಸೊನ್ನೆ ಮಾಡಿದರೆ 34ನೇ ಅಲಾರಂ ಬರುತ್ತೆ.

ಟ್ಯಾಪಿಂಗ್ ಹೋಲ್ ಡ್ರಾಯಿಂಗ್‌ನಲ್ಲಿ ಥ್ರೂ, ಆದರೆ ಮೊದಲ ಸೆಟಪ್‌ನಲ್ಲಿ ಕೆಳಗೆ 9 ಎಂಎಂ ಲೋಹ ಇರುವ ಕಾರಣ ನಿಜದಲ್ಲಿ ಬ್ಲೈಂಡ್ (ತಳ ಮುಚ್ಚಿದ ತೂತು). ಸಾಫ್ಟ್‌ವೇರ್ ಮಾಡೆಲ್ ನೋಡಿ 20ಕ್ಕೆ ಸ್ವಲ್ಪ ಸೇರಿಸಿ ಆಳ ಹಾಕುತ್ತೆ. ಟ್ಯಾಪ್‌ನ ಮೂತಿಯಲ್ಲಿ ಎರಡೂವರೆ ಮೂರು ಎಳೆ ಪೂರ್ತಿ ಥ್ರೆಡ್ ಕೊಡಲ್ಲ. 1.25 ಪಿಚ್‌ಗೆ ಅದು ಸುಮಾರು 3.75 ಎಂಎಂ. ಹಾಗಾಗಿ ಟ್ಯಾಪ್ ಮೈನಸ್ 24.5ಕ್ಕೆ ಇಳಿಯಬೇಕು. ಡ್ರಿಲ್‌ನ ಪೂರ್ತಿ ವ್ಯಾಸ ಮೈನಸ್ 26ರವರೆಗೆ ಬೇಕು, 118 ಡಿಗ್ರಿ ತುದಿಯ ಉದ್ದ ವ್ಯಾಸದ 0.3 ಪಟ್ಟು, ಅಂದರೆ 2 ಎಂಎಂ. ತುದಿ ಮೈನಸ್ 28ಕ್ಕೆ ನಿಲ್ಲುತ್ತೆ, ಕೆಳಗೆ ಇನ್ನೂ 1 ಎಂಎಂ ಇದೆ, ಜಾಬ್ ಕೆಳಗಿಡುವ ಪ್ಯಾರಲಲ್ ಪಟ್ಟಿಗೆ ತಾಗಲ್ಲ. ಡ್ರಿಲ್ಲನ್ನು 23ಕ್ಕೆ ನಿಲ್ಲಿಸಿ ಟ್ಯಾಪ್ಪನ್ನು 24.5ಕ್ಕೆ ಕಳಿಸಿದರೆ ಟ್ಯಾಪ್ ತಳಕ್ಕೆ ಕೂತು ಮುರಿಯುತ್ತೆ. ಗನ್ ಟ್ಯಾಪ್ ಕೂಡ ಇಲ್ಲಿ ಬೇಡ, ಅದು ಚಿಪ್ಪನ್ನು ಕೆಳಕ್ಕೆ ತಳ್ಳುತ್ತೆ, ಕೆಳಗೆ ಜಾಗ ಇಲ್ಲ. ಸ್ಪೈರಲ್ ಫ್ಲೂಟ್ ಟ್ಯಾಪ್ ಹಾಕಿ. ಎಸ್400 (ನಿಮಿಷಕ್ಕೆ 400 ಸುತ್ತು) ಇದ್ದರೆ ಫೀಡ್ 400 × 1.25, ಸರಿಯಾಗಿ 500. ಟ್ಯಾಪಿಂಗ್ ಕೋಡ್ ಜಿ84ರ ಮುಂಚೆ ಎಂ29 ಎಸ್400 ಬಂದಿದೆಯಾ ನೋಡಿ, ಫ್ಯಾನುಕ್‌ನಲ್ಲಿ ರಿಜಿಡ್ ಟ್ಯಾಪಿಂಗ್ (ಸುತ್ತಿಗೂ ಇಳಿತಕ್ಕೂ ಹೊಂದಾಣಿಕೆ ತಪ್ಪದ ಟ್ಯಾಪಿಂಗ್) ಆನ್ ಆಗುವುದು ಅದರಿಂದ.

ಪೋಸ್ಟ್ ಪ್ರೊಸೆಸರ್ (ಕ್ಯಾಮ್‌ನ ದಾರಿಯನ್ನು ಮಷಿನ್‌ನ ಕೋಡ್ ಆಗಿ ಬರೆಯುವ ಭಾಗ) ಆರಿಸುವಾಗ ಫ್ಯಾನುಕ್ ಅಂತ ಹೆಸರಿದ್ದರೆ ಸಾಕು ಅಂದುಕೊಳ್ಳಬೇಡಿ. ಹೊರಬಂದ ಪ್ರೋಗ್ರಾಂನ ಮೊದಲ ಹತ್ತು ಲೈನ್ ಕಣ್ಣಿಟ್ಟು ಓದಿ, ನಿಮ್ಮ ಮಷಿನ್‌ನಲ್ಲಿ ಆಗಲೇ ಓಡುತ್ತಿರುವ ಒಂದು ಒಳ್ಳೆ ಪ್ರೋಗ್ರಾಂ ಪಕ್ಕ ಇಟ್ಟು ಹೋಲಿಸಿ. ಜಿ17 ಜಿ40 ಜಿ49 ಜಿ80 ಜಿ90 ಇದೆಯಾ, ಟೂಲ್ ಚೇಂಜ್ ಮುಂಚೆ ಝಡ್ ಹೋಮ್‌ಗೆ ಹೋಗುತ್ತಾ, ಜಾಬ್‌ನ ಸೊನ್ನೆ ಹೇಳುವ ಜಿ54 ಬಂದಿದೆಯಾ, ಟೂಲ್ ಉದ್ದ ಲೆಕ್ಕಕ್ಕೆ ತರುವ ಜಿ43 ಜೊತೆ ಟಿ ನಂಬರಿನದೇ ಎಚ್ ನಂಬರ್ ಇದೆಯಾ. ಕೈಯಲ್ಲಿ ತಿದ್ದುವಾಗ ದಶಾಂಶ ಬಿಂದು ಮರೆಯಬೇಡಿ. ಪ್ಯಾರಾಮೀಟರ್ ಬದಲಾಯಿಸದ ಫ್ಯಾನುಕ್‌ಗೆ ಎಕ್ಸ್10 ಅಂದರೆ 10 ಮೈಕ್ರಾನ್.

ಮೊದಲ ಓಟ ಗಾಳಿಯಲ್ಲಿ. ವರ್ಕ್ ಆಫ್‌ಸೆಟ್ ಪುಟದ ಎಕ್ಸ್‌ಟಿ ಝಡ್‌ನಲ್ಲಿ 50.0 ಹಾಕಿದರೆ ಇಡೀ ಪ್ರೋಗ್ರಾಂ 50 ಎಂಎಂ ಮೇಲೆ ಓಡುತ್ತೆ. ಮುಗಿದ ಮೇಲೆ ಅದನ್ನು ಸೊನ್ನೆ ಮಾಡಿ, ಮರೆತರೆ ಮುಂದಿನ ಜಾಬ್ ಕೂಡ ಗಾಳಿಯಲ್ಲೇ. ಆಮೇಲೆ ಸಿಂಗಲ್ ಬ್ಲಾಕ್, ರ‍್ಯಾಪಿಡ್ ಶೇ 25. ಪ್ರತಿ ಟೂಲ್ ಜಾಬ್ ಹತ್ತಿರ ಇಳಿಯುವಾಗ ಫೀಡ್ ಹೋಲ್ಡ್ ಒತ್ತಿ, ಸ್ಕ್ರೀನ್ ಮೇಲಿನ ಡಿಸ್ಟೆನ್ಸ್-ಟು-ಗೋ ಅಂಕಿಯನ್ನೂ ಕಣ್ಣಿಗೆ ಕಾಣುವ ಅಂತರವನ್ನೂ ಹೋಲಿಸಿ. ಇನ್ನೂ 40 ಇಳಿಯಬೇಕು ಅಂತ ತೋರಿಸುತ್ತಾ ಇದ್ದು, ಕಟರ್ ಜಾಬ್‌ನಿಂದ 15ರಲ್ಲಿ ನಿಂತಿದ್ದರೆ ಎಚ್ ಆಫ್‌ಸೆಟ್ ತಪ್ಪು.

ಕೆಳಗಿನ 9 ಎಂಎಂ ತೆಗೆಯುವ ಎರಡನೇ ಸೆಟಪ್‌ನಲ್ಲಿ ಜಾಬನ್ನು ನಿಮ್ಮ ಕಡೆಗೆ ಮಗುಚಿ, ಎಡಬಲಕ್ಕೆ ಬೇಡ. ಆಗ ಎಡಗಡೆಯ ಮುಖ ಎಡಕ್ಕೇ ಉಳಿಯುತ್ತೆ, ಅದೇ ಸ್ಟಾಪರ್‌ಗೆ ತಾಗಿಸಬಹುದು. ವೈ ದಿಕ್ಕಿನಲ್ಲಿ ಮಾತ್ರ ವೈಸ್‌ನ ಫಿಕ್ಸೆಡ್ ಜಾ (ಸರಿಯದ ಜಾ) ಕಡೆಗೆ ಈಗ ಎದುರಿನ ಮುಖ ಕೂತಿರುತ್ತೆ, ಕ್ಯಾಮ್‌ನಲ್ಲಿ ಆ ಮೂಲೆಯನ್ನೇ ಆರಿಸಿ ಜಿ55 ಕೊಡಿ. ಹೋಲ್‌ಗಳ ಬರ್ ತೆಗೆದು, ಪ್ಯಾರಲಲ್ ಒರೆಸಿ ಕೂರಿಸಿ. ಝಡ್ ಸೊನ್ನೆ ಒರಟು ಮೇಲ್ಮೈಯಲ್ಲಿ ಬೇಡ, ಪ್ಯಾರಲಲ್‌ನ ಮೇಲೆ ಇರಲಿ. ಆಗ ಮುಗಿದ ದಪ್ಪವೇ ಝಡ್ 20. ಮೇಲೆ ಉಳಿದ 9 ಎಂಎಂ ಫೇಸಿಂಗ್ ಮಾಡುವಾಗ ಕೊನೆಯ ಎರಡು ಪದರ 22.1 ಮತ್ತು 20.1 ಆಗಲಿ. 21ಕ್ಕೆ ಒಂದು ಪದರ ನಿಂತರೆ ಪ್ರೊಫೈಲ್‌ನ ಹೊರಗೆ ಅರ್ಧ ಎಂಎಂ ತಗಡಿನ ಉಂಗುರ ಉಳಿದು, ಕಿತ್ತು ಬಂದು ಕಟರ್‌ಗೆ ಸುತ್ತಿಕೊಳ್ಳುತ್ತೆ. 20.1ರಲ್ಲಿ ನಿಲ್ಲಿಸಿ, ಜಾಬ್ ವೈಸ್‌ನಲ್ಲಿರುವಾಗಲೇ ಪ್ಯಾರಲಲ್ ಮೇಲಿಂದ ಡೆಪ್ತ್ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. 20.13 ಬಂದರೆ ಆ 0.03ನ್ನು ಫೇಸ್ ಮಿಲ್‌ನ ಎಚ್ ವೇರ್‌ನಲ್ಲಿ ಮೈನಸ್ ಮಾಡಿ ಕೊನೆಯ ಪಾಸ್ 20.0ಕ್ಕೆ ಓಡಿಸಿ.