ಸಮುದ್ರಕ್ಕೊಂದು ಭಾಷಣ

ಇವತ್ತು ಬೆಳಿಗ್ಗೆ ಕಾರವಾರದ ಟಾಗೋರ್ ಬೀಚಿಗೆ ಹೋಗಿ ಸಮುದ್ರಕ್ಕೆ ಭಾಷಣ ಮಾಡಿ ಬಂದೆ. ನಗಬೇಡಿ. ಪ್ರಾಚೀನ ಗ್ರೀಸಿನ ಹೆಸರಾಂತ ಭಾಷಣಕಾರ ಡೆಮಾಸ್ತನೀಸ್ ಕೂಡ ಅಲೆಗಳ ಸದ್ದಿನ ಎದುರು ಮಾತಾಡಿ, ಬಾಯಲ್ಲಿ ಕಲ್ಲುಹರಳು ಇಟ್ಟುಕೊಂಡು ನಾಲಿಗೆ ತಿದ್ದಿಕೊಂಡ ಅಂತ ಕಥೆ ಇದೆ. ನಾನು ಹರಳಿನ ತಂಟೆಗೆ ಹೋಗಲಿಲ್ಲ.

ಕಾರಣ, ಹೋದ ತಿಂಗಳ ಒಂದು ಬೀಳ್ಕೊಡುಗೆ. ಎರಡು ಪುಟ ಬರೆದುಕೊಂಡು ಹೋಗಿದ್ದೆ, ಮೈಕ್ ಮುಂದೆ ನಿಂತ ಕೂಡಲೇ ಕೈ ನಡುಗಿ, ಆ ಕಾಗದದ ಪರಪರ ಸದ್ದೂ ಎಲ್ಲರಿಗೂ ಕೇಳಿ, ಒಂದೇ ಸಾಲನ್ನು ಎರಡು ಸಲ ಓದಿ ಬಂದು ಕೂತೆ.

ಆಮೇಲೆ ಶಿರಸಿ ಕಡೆ ನೆಂಟರ ಮನೆಯಲ್ಲಿ ತಾಳಮದ್ದಳೆ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಕೇಳಿದೆ. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದರ ಮೇಲೆ ಅಲ್ಲೇ ಮಾತು ಕಟ್ಟುತ್ತಾರೆ. ಒಬ್ಬರು ಎದುರಾಳಿಯ ಪ್ರಶ್ನೆ ಮುಗಿದ ಮೇಲೆ ಶಾಲು ಸರಿಮಾಡಿಕೊಂಡು ಸುಮ್ನೆ ಕೂತರು. ಇಡೀ ಜಗಲಿ ಕಾಯಿತು. ನಾನಾಗಿದ್ದರೆ ಆ ಜಾಗಕ್ಕೆ ಮೂರು 'ಅಂದ್ರೆ' ತುರುಕುತ್ತಿದ್ದೆ.

ಈಗ ಅಂಗೈ ಅಗಲದ ಚೀಟಿಯಲ್ಲಿ ನಾಲ್ಕು ಪದ ಅಷ್ಟೇ, ಮೊದಲ ವಾಕ್ಯ ಮಾತ್ರ ಬಾಯಿಪಾಠ. ಫೋನಲ್ಲಿ ರೆಕಾರ್ಡ್ ಮಾಡಿ ಕೇಳುವುದೇ ಜಾಸ್ತಿ ಕಷ್ಟ, ನನ್ನ ಸ್ವರ ಇಷ್ಟು ತೆಳುವಾ ಅಂತ! ನಾವು ಮಾತಾಡುವಾಗ ತಲೆಬುರುಡೆಯ ಮೂಲಕವೂ ನಮ್ಮ ದನಿ ನಮಗೆ ಕೇಳುತ್ತದೆ, ರೆಕಾರ್ಡಿನಲ್ಲಿ ಅದು ಇರುವುದಿಲ್ಲ ಅಲ್ವಾ.

ಅಂದಹಾಗೆ, ಇವತ್ತಿನ ಭಾಷಣಕ್ಕೆ ಒಬ್ಬರೇ ಶ್ರೋತೃ, ಬಲೆ ಬಿಡಿಸುತ್ತಾ ಕೂತಿದ್ದವರು. ಮುಗಿದ ಮೇಲೆ ಕೇಳಿದರು, "ಎಲೆಕ್ಷನ್‌ಗೆ ನಿಂತ್ರಾ?"